ನಡುಗೆರೆ ಸಿಕ್ಕ ಮೇಲೆ ಅಳತೆ

ಕಿರುಮೆದುಳಿನ ಟಾನ್ಸಿಲ್ (ಗಂಟಲಿನದಲ್ಲ, ಕಿರುಮೆದುಳಿನ ಕೆಳಗಿನ ಉಬ್ಬು) ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ, ಅದರ ಎರಡು ಗೋಳಾರ್ಧಗಳ ನಡುವಿನ ಭಾಗವಾದ ವರ್ಮಿಸ್ ಚಿಕ್ಕದಿದೆಯೇ ಎಂದು ಕೇಳುವ ವೈದ್ಯರ ಚೀಟಿಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಕಲಬುರಗಿಯಲ್ಲಿ ಎಂ.ಆರ್.ಐ. ಚಿತ್ರಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. ಸುರಪುರ, ಆಳಂದ, ಚಿಂಚೋಳಿ ಕಡೆಯ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಚೀಟಿ ಬರೆದವರಿಗೆ ಬೇಕಾಗಿರುವುದು ಒಂದು ಅಂಕಿ. ನಾನು ಮೊದಲು ಹುಡುಕುವುದು ತಲೆಯನ್ನು ಎಡ ಬಲವಾಗಿ ಸರಿಪಾಲು ಮಾಡುವ ನಟ್ಟನಡುವಿನ ಸೀಳುಚಿತ್ರವನ್ನು.

ಕೂಸಿನ ತಲೆ ಯಂತ್ರದೊಳಗೆ ನೇರವಾಗಿ ಮಲಗುವುದು ಅಪರೂಪ. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ನಿದ್ದೆ ಹತ್ತಿದ ಮೇಲೆ ಒಳಗೆ ಕಳಿಸುತ್ತೇವೆ. ಅಷ್ಟಾದರೂ ಕತ್ತು ಒಂದು ಕಡೆ ವಾಲಿಯೇ ಇರುತ್ತದೆ. ಆದ್ದರಿಂದ 1 ಮಿ.ಮೀ. ದಪ್ಪದ ಮೂರು ಆಯಾಮದ ಸರಣಿಯೊಂದನ್ನು ತಪ್ಪದೆ ತೆಗೆಸುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಮೂರೂ ದಿಕ್ಕಿನ ಚಿತ್ರಗಳನ್ನು ಒಟ್ಟಿಗೆ ತೆರೆದು ತಲೆಯನ್ನು ತಿರುಗಿಸುತ್ತಾ ಹೋಗುತ್ತೇನೆ. ಪಿಟ್ಯುಟರಿ ಗ್ರಂಥಿಯ ತೊಟ್ಟು, ಮಿದುಳಿನೊಳಗೆ ದ್ರವ ತುಂಬಿರುವ ಮೂರನೇ ಮತ್ತು ನಾಲ್ಕನೇ ಕುಹರಗಳನ್ನು ಜೋಡಿಸುವ ಸಣ್ಣ ನಾಳ, ಬೆನ್ನುಹುರಿಯ ನಡುಭಾಗ, ಈ ಮೂರೂ ಒಂದೇ ಚಿತ್ರದಲ್ಲಿ ಕಾಣುವವರೆಗೆ ಅಳತೆಗೆ ಕೈ ಹಾಕುವುದಿಲ್ಲ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವ ಹಾಗೆ, ಓರೆ ಸೀಳಿನಲ್ಲಿ ಮಿದುಳು ಕಾಂಡದ ಉಬ್ಬುಭಾಗವಾದ ಪಾನ್ಸ್ ಕೂಡ ಇರುವುದಕ್ಕಿಂತ ದಪ್ಪವಾಗಿ ತೋರುತ್ತದೆ.

ವರ್ಮಿಸ್ ವಿಷಯದಲ್ಲಿ ಈ ಓರೆ ಇನ್ನೂ ಅಪಾಯಕಾರಿ. ವರ್ಮಿಸ್ ಇಲ್ಲದ ಅಥವಾ ತೀರಾ ಕುಗ್ಗಿದ ಮಗುವಿನಲ್ಲಿ ಕಿರುಮೆದುಳಿನ ಎರಡೂ ಗೋಳಾರ್ಧಗಳು ನಡುವಿನವರೆಗೆ ಸರಿದು ಬಂದಿರುತ್ತವೆ. ದಪ್ಪ ಸೀಳಿನಲ್ಲಿ ಆ ಗೋಳಾರ್ಧದ ಅಂಚೇ ವರ್ಮಿಸ್‌ನಂತೆ ನಟಿಸುತ್ತದೆ. 5 ಮಿ.ಮೀ. ದಪ್ಪದ ಚಿತ್ರಗಳನ್ನಷ್ಟೇ ತಂದು 'ಬರೀ ಅಳೆದು ಕೊಡಿ' ಎನ್ನುವವರಿಗೆ ನಾನು ಅಂಕಿ ಕೊಡುವುದಿಲ್ಲ; ಇದರಿಂದ ಕೆಲವರಿಗೆ ನನ್ನ ಮೇಲೆ ಬೇಸರವೂ ಇದೆ.

ಟಾನ್ಸಿಲ್ ತಲೆಬುರುಡೆಯಿಂದ ಕತ್ತಿನ ಕಡೆಗೆ ಇಳಿದಿರುವ ದೋಷಕ್ಕೆ ಕಿಯಾರಿ ಎಂದು ಹೆಸರು. ಅದರ ಒಂದನೇ ಬಗೆಗೆ ತಲೆಬುರುಡೆಯ ತಳದ ದೊಡ್ಡ ರಂಧ್ರದ ಮುಂದಿನ ತುದಿಯಿಂದ ಹಿಂದಿನ ತುದಿಗೆ ಗೆರೆ ಎಳೆಯುತ್ತೇನೆ. ಆ ಗೆರೆಯಿಂದ ಟಾನ್ಸಿಲ್ ತುದಿಗೆ ಲಂಬವಾಗಿ ಅಳತೆ. ಎಡ ಬಲ ಟಾನ್ಸಿಲ್‌ಗಳು ಸಮನಾಗಿ ಇಳಿದಿರಬೇಕೆಂದಿಲ್ಲ, ನಡುಗೆರೆಯ ಮೇಲೆಯೇ ಇರುವುದೂ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ಬರೆಯುತ್ತೇನೆ. ಹಾನ್ಸ್ ಕಿಯಾರಿ 1891ರಲ್ಲಿ ಪ್ರಾಗ್‌ನಲ್ಲಿ ಇದನ್ನು ವಿವರಿಸಿದ್ದು ಶವಪರೀಕ್ಷೆಯಿಂದ. ಈಗ ಎಲ್ಲರ ಬಾಯಲ್ಲಿರುವ 5 ಮಿ.ಮೀ. ಗಡಿ ಚಿತ್ರಣದ ಕಾಲದವರು ಹಾಕಿಕೊಂಡದ್ದು. ಚಿಕ್ಕ ಮಕ್ಕಳಲ್ಲಿ ಯಾವ ತೊಂದರೆಯೂ ಇಲ್ಲದೆ ಟಾನ್ಸಿಲ್ 5–6 ಮಿ.ಮೀ. ಕೆಳಗಿರಬಹುದು. ಹಾಗಾಗಿ ಅಂಕಿಯ ಪಕ್ಕದಲ್ಲೇ ತುದಿ ಗುಂಡಗಿದೆಯೋ ಗೂಟದಂತೆ ಚೂಪಾಗಿದೆಯೋ, ಸುತ್ತ ದ್ರವಕ್ಕೆ ಜಾಗ ಉಳಿದಿದೆಯೋ ಎಂದು ಬರೆಯುತ್ತೇನೆ. ಬೆನ್ನುಹುರಿಯೊಳಗೆ ದ್ರವ ತುಂಬಿದ ಟೊಳ್ಳು ಇದೆಯೇ ಎಂದು ನೋಡಲು ಪೂರ್ತಿ ಬೆನ್ನಿನ ಸ್ಕ್ಯಾನ್ ಕೇಳುತ್ತೇನೆ. ಎರಡನೇ ಬಗೆಯ ಕಿಯಾರಿಗೆ ಇಷ್ಟು ಲೆಕ್ಕಾಚಾರ ಬೇಕಿಲ್ಲ. ಬೆನ್ನಿನ ಸೀಳುಗಂಟಿನೊಂದಿಗೆ ಹುಟ್ಟಿದ ಮಗು, ತಲೆಬುರುಡೆಯೊಳಗೆ ಕಿರುಮೆದುಳು ಕೂರುವ ಹಿಂದಿನ ಗುಳಿ ಚಿಕ್ಕದಾಗಿರುವುದು, ಇವೇ ಹೇಳಿಬಿಡುತ್ತವೆ.

ಡ್ಯಾಂಡಿ–ವಾಕರ್ (ವರ್ಮಿಸ್ ಸರಿಯಾಗಿ ಬೆಳೆಯದೆ ನಾಲ್ಕನೇ ಕುಹರ ಚೀಲದಂತೆ ಉಬ್ಬಿರುವ ಹುಟ್ಟುದೋಷ) ಎಂದು ಗುರುತು ಹಾಕಿ ಕಳಿಸಿದ ಮಕ್ಕಳಲ್ಲಿ ಮಿದುಳು ಕಾಂಡದ ಹಿಂಬದಿಗೂ ವರ್ಮಿಸ್‌ಗೂ ನಡುವಿನ ಕೋನ ಅಳೆಯುತ್ತೇನೆ. ಸಾಮಾನ್ಯವಾಗಿ ಅದು 18 ಡಿಗ್ರಿಯೊಳಗೆ. 45 ದಾಟಿದರೆ ಡ್ಯಾಂಡಿ–ವಾಕರ್ ಕಡೆಗೆ ಒಲವು. ನಡುವಿನ ಅಂಕಿಗಳೇ ಕಾಟ ಕೊಡುವುದು. ಅಲ್ಲಿ ಕೋನವನ್ನು ಬದಿಗಿಟ್ಟು ವರ್ಮಿಸ್‌ನ ಆಕಾರ ನೋಡಬೇಕು. ಅದು ಪೂರ್ತಿ ಬೆಳೆದು ಬರೀ ಮೇಲಕ್ಕೆ ತಿರುಗಿದ್ದರೆ ನಾಲ್ಕನೇ ಕುಹರದ ಹಿಂದೆ ಉಳಿದುಕೊಂಡ ಬ್ಲೇಕ್ ಚೀಲ ಎಂಬ ದ್ರವದ ಚೀಲ ಇರಬಹುದು, ಅಂಥ ಮಗುವಿನ ಮುಂದಿನ ದಿನಗಳ ಬಗ್ಗೆ ಚಿಂತೆ ಬಹಳ ಕಡಿಮೆ. ತಾಯಿ ತಂದೆಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ.

ಜೂಬೆರ್ ಸಿಂಡ್ರೋಮ್ ಎಂಬ, ವರ್ಮಿಸ್ ಸರಿಯಾಗಿ ಬೆಳೆಯದ ಹುಟ್ಟುಕಾಯಿಲೆಯಲ್ಲಿ ಅಡ್ಡಸೀಳಿನಲ್ಲಿ ಮಿದುಳು ಕಾಂಡ ದವಡೆಹಲ್ಲಿನ ಆಕಾರಕ್ಕೆ ಬರುತ್ತದೆ. ಕಿರುಮೆದುಳನ್ನು ಕಾಂಡಕ್ಕೆ ಜೋಡಿಸುವ ಮೇಲಿನ ತೊಟ್ಟುಗಳು ದಪ್ಪವಾಗಿ ಉದ್ದಕ್ಕೆ ಚಾಚಿ, ಕಾಂಡದ ಮುಂಬದಿಯ ನಡುವಿನ ಕಣಿವೆ ಆಳವಾಗಿರುತ್ತದೆ. ಇಲ್ಲಿ ಅಳತೆಗಿಂತ ಕಣ್ಣೇ ಮುಂದೆ. ಅದನ್ನು ಕಂಡ ಕೂಡಲೇ ಹೊರಗೆ ಹೋಗಿ ತಾಯಿಯನ್ನು ಕೇಳುತ್ತೇನೆ: "ಏನವ್ವಾ, ಸಂಬಂಧದಲ್ಲೇ ಕೊಟ್ಟು ತಂದದ್ದೇನು?" ನಮ್ಮ ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವುದು ಇನ್ನೂ ನಿಂತಿಲ್ಲ. "ಹೌದ್ರೀ ಸಾಹೇಬರೇ, ನಮ್ಮ ಸೋದರಮಾವನೇ" ಎಂಬ ಉತ್ತರ ಬಂದಾಗ ನನಗೆ ಅಚ್ಚರಿಯಾಗುವುದಿಲ್ಲ. ಈ ಕಾಯಿಲೆಯ ಬಹುತೇಕ ಬಗೆಗಳು ತಂದೆ ತಾಯಿ ಇಬ್ಬರಿಂದಲೂ ಬಂದ ವಂಶವಾಹಿ ದೋಷದಿಂದ ಆಗುವಂಥವು. ಮುಂದಿನ ಪ್ರತಿ ಬಸಿರಿನಲ್ಲೂ 25 ಪ್ರತಿಶತ ಸಾಧ್ಯತೆ. ವರದಿಯಲ್ಲಿ ಕಣ್ಣಿನ ಪರದೆ, ಮೂತ್ರಪಿಂಡ, ಯಕೃತ್ತುಗಳ ತಪಾಸಣೆ ಮತ್ತು ವಂಶವಾಹಿ ಸಲಹೆ ಬೇಕೆಂದು ಸೇರಿಸುತ್ತೇನೆ. ಈ ಮಾತನ್ನು ಅತ್ತೆಯ ಎದುರಿಗೆ ಹೇಳುವುದಿಲ್ಲ; ದೋಷವೆಲ್ಲ ಸೊಸೆಯ ತಲೆಗೆ ಕಟ್ಟುವುದನ್ನು ನೋಡಿದ್ದೇನೆ. ಗಂಡನನ್ನೂ ಒಳಗೆ ಕರೆದು ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ.

ಹಳೆಯ ಸ್ಕ್ಯಾನಿನ ಫಿಲ್ಮ್ ಮಾತ್ರ ತಂದರೆ ಅಂಚಿನ ಅಳತೆಪಟ್ಟಿಯಿಂದ ಅಂದಾಜು ಹಾಕಬಹುದು, ಓರೆಯನ್ನು ತಿದ್ದಲಾಗದು. ಸಿ.ಡಿ. ತರಲು ಹೇಳುತ್ತೇನೆ. ಮರುವರ್ಷದ ಅಳತೆ ಅದೇ ಬಗೆಯ ಸರಣಿಯಲ್ಲಿ, ಅದೇ ಗೆರೆಯ ಮೇಲೆ ಆಗಬೇಕು. ಅದಕ್ಕಾಗಿ ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆದೆ ಎಂಬುದನ್ನೂ ವರದಿಯಲ್ಲೇ ಬರೆದಿಡುತ್ತೇನೆ.