ದರ್ಶನದ ಕಥೆ ರೆಕಾರ್ಡ್ ಮಾಡೋದು ಹೇಗೆ: ಘಾನಾದ ಹೌಸ್ ಆಫ್ ಇಸ್ರೇಲ್ ಜೊತೆ ನನ್ನ ಅನುಭವ

ಘಾನಾದ ಪಶ್ಚಿಮಕ್ಕೆ, ಐವರಿ ಕೋಸ್ಟ್ ಗಡಿ ಕಡೆ ಸೆಫ್ವಿ ವಿಯಾವ್ಸೋ ಅಂತ ಒಂದು ಊರಿದೆ, ಸುತ್ತಲೂ ಗುಡ್ಡ, ಕಾಡು, ಕೋಕೋ ತೋಟ, 2019ರಿಂದ ವೆಸ್ಟರ್ನ್ ನಾರ್ತ್ ಅನ್ನೋ ಹೊಸ ಪ್ರಾಂತ್ಯಕ್ಕೆ ಅದೇ ರಾಜಧಾನಿ. ಆ ಊರಂಚಲ್ಲಿ ನ್ಯೂ ಅಡಿಯೆಂಬ್ರಾ ಅನ್ನೋ ಬಡಾವಣೆಯಲ್ಲಿ ನೀಲಿ ಬಿಳಿ ಬಣ್ಣ ಬಳಿದ ಒಂದು ಚಿಕ್ಕ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇದೆ, 1998ರಲ್ಲಿ ಕಟ್ಟಿದ್ದು. ಅಲ್ಲಿ ಪ್ರಾರ್ಥನೆ ಮಾಡೋರು ತಮ್ಮನ್ನ ಹೌಸ್ ಆಫ್ ಇಸ್ರೇಲ್ ಅಂತ ಕರ್ಕೋತಾರೆ. 1976ರಲ್ಲಿ ಆರನ್ ಅಹೊಂಟ್ರೆ ತೊಆಕ್ಯಿರಾಫಾ ಅನ್ನೋರಿಗೆ ಒಂದು ದರ್ಶನ ಆಯ್ತು, ಸೆಫ್ವಿ ಜನ ಬೈಬಲ್ ಕಾಲದ ಇಸ್ರೇಲಿನ ಕಳೆದುಹೋದ ಕುಲಗಳಲ್ಲಿ ಒಂದರವರು, ವಾಪಸ್ ಯಹೂದಿ ಧರ್ಮಕ್ಕೆ ಬರಬೇಕು ಅಂತ. ಸಮುದಾಯ ಶುರುವಾಗಿದ್ದು ಅಲ್ಲಿಂದ. ಅವರು 1991ರಲ್ಲಿ ತೀರಿಕೊಂಡ್ರು, 1993ರಲ್ಲಿ ಡೇವಿಡ್ ಅಹೆಂಕೋರಾ ಅನ್ನೋರು ತಮಗೂ ದರ್ಶನ ಆಯ್ತು ಅಂತ ಮುಂದೆ ಬಂದು ನಡೆಸಿಕೊಂಡು ಹೋದ್ರು.

ನಾನು ಓದಿದ್ದು ಜಾನಪದ, ಮೈಸೂರಲ್ಲಿ. ಓದೋವಾಗ ಕಂಸಾಳೆಯವರ ಹತ್ರ ಮಾದೇಶ್ವರನ ಕಥೆ ರೆಕಾರ್ಡ್ ಮಾಡೋ ಕೆಲಸದಲ್ಲಿದ್ದೆ, ಆಮೇಲೆ ಮನೆಯವರ ಕೆಲಸ ಟೆಮಾ ಬಂದರಲ್ಲಿ ಅಂತ ಘಾನಾಗೆ ಬಂದು, ಇಲ್ಲೂ ಅದೇ ಕೆಲಸ ಕೈಗೆತ್ಕೊಂಡೆ, ಅಂದ್ರೆ ಹಿರಿಯರ ಬಾಯಲ್ಲಿ ಬರೋ ಇತಿಹಾಸ ದಾಖಲೆ ಮಾಡೋದು. ಆಫ್ರಿಕಾದಲ್ಲಿ ತಾವು ಪುರಾತನ ಇಸ್ರೇಲಿಗಳು, ಕೆಲವು ಕಡೆ ಅಲ್ಲಿನ ಪುರೋಹಿತರ ವಂಶವೇ ನಮ್ಮದು ಅನ್ನೋ ಸಮುದಾಯಗಳು ಒಂದೆರಡಲ್ಲ. ಈ ಥರ ಕಡೆ ಹೋಗಿ ಕೆಲಸ ಮಾಡಬೇಕು ಅಂತಿರೋ ಕೆಲವರು ನನ್ನ ಕೇಳಿದ್ರು, ಹೆಂಗೆ ಮಾಡಿದ್ರಿ, ಏನು ಕೇಳಿದ್ರಿ ಅಂತ, ಅದಕ್ಕೆ ಇದನ್ನ ಬರೀತಿದೀನಿ.

ಮೊದಲನೇದಾಗಿ, ದರ್ಶನದ ಬಗ್ಗೆ ಮೊದಲ ದಿನವೇ ಕೇಳಲ್ಲ. ಹೊರಗಿನಿಂದ ಬರೋರೆಲ್ಲ ಅದನ್ನೇ ಮೊದಲು ಕೇಳ್ತಾರೆ, ಏನು ಕಂಡಿತು, ಯಾರು ಮಾತಾಡಿದ್ರು, ಸಾಕ್ಷಿ ಏನು ಅಂತ. ಹಂಗೆ ಕೇಳಿ ಕೇಳಿ ಆ ಕಥೆ ಐದು ನಿಮಿಷದ ಒಂದು ಗಟ್ಟಿ ಪಾಠ ಆಗಿಬಿಟ್ಟಿರುತ್ತೆ, ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತೆ. ನಾನು ಅಡುಗೆಮನೆಯಿಂದ ಶುರು ಮಾಡ್ತೀನಿ. ನಿಮ್ಮಜ್ಜಿ ಮನೇಲಿ ಏನು ತಿಂತಿರ್ಲಿಲ್ಲ, ಕೋಳಿ ಕೊಯ್ಯೋರು ಯಾರು, ರಕ್ತ ಏನು ಮಾಡ್ತಿದ್ರು, ಗಂಡು ಮಗು ಹುಟ್ಟಿದ್ರೆ ಎಷ್ಟನೇ ದಿನಕ್ಕೆ ಏನು ಮಾಡ್ತಿದ್ರು, ವಾರದಲ್ಲಿ ಯಾವ ದಿನ ತೋಟಕ್ಕೆ ಹೋಗ್ತಿರ್ಲಿಲ್ಲ. ಇದನ್ನೆಲ್ಲ ನೋಟ್‌ಬುಕ್ಕಲ್ಲಿ ಎರಡು ಭಾಗ ಮಾಡಿ ಬರ್ಕೋತೀನಿ, 1976ಕ್ಕೆ ಮುಂಚೆ ಒಂದು ಕಡೆ, ಆಮೇಲಿಂದು ಇನ್ನೊಂದು ಕಡೆ. ಯಾಕಂದ್ರೆ ಸುನ್ನತಿ, ಹಂದಿ ತಿನ್ನದೇ ಇರೋದು, ಶನಿವಾರದ ವಿಶ್ರಾಂತಿ, ಇವೆಲ್ಲ ನಮ್ಮಲ್ಲಿ ಪಾದ್ರಿಗಳು ಬರೋಕೂ ಮುಂಚೆ ಇತ್ತು, ದರ್ಶನ ಬಂದು ಅದರ ಕಾರಣ ತಿಳಿಸ್ತು ಅಷ್ಟೇ ಅಂತ ಅವರು ಹೇಳ್ತಾರೆ. ಹಾಗಾಗಿ ಯಾವುದು ಮುಂಚೆಯಿಂದ ಇದ್ದದ್ದು, ಯಾವುದು ಆಮೇಲೆ ಅಮೆರಿಕದ ಯಹೂದಿ ಸಂಸ್ಥೆಗಳ ಸಂಪರ್ಕದಿಂದ ಬಂದಿದ್ದು ಅನ್ನೋದು ಬೇರೆ ಬೇರೆಯಾಗಿ ಕಾಣಬೇಕು. ಶುಕ್ರವಾರ ಸಂಜೆ ಹೆಣೆದು ಬೇಯಿಸೋ ಹಲ್ಲಾ ಬ್ರೆಡ್, ಹೀಬ್ರೂ ಪ್ರಾರ್ಥನೆಯ ರಾಗಗಳು, ಕೆಂಟೆ ಅನ್ನೋ ಘಾನಾದ ಬಣ್ಣಬಣ್ಣದ ಕೈಮಗ್ಗದ ಬಟ್ಟೆಯಲ್ಲಿ ಪ್ರಾರ್ಥನೆಯ ಶಾಲು ಹೊಲಿದು ಹೊರದೇಶಕ್ಕೆ ಮಾರೋದು, ಇದೆಲ್ಲ ಎರಡನೇ ಕಡೆಗೆ ಬರುತ್ತೆ, ಅವರೂ ಅದನ್ನ ಮುಚ್ಚಿಡಲ್ಲ.

ಶನಿವಾರದ ವಿಷಯ ಸ್ವಲ್ಪ ಜಾಸ್ತಿನೇ ಹೇಳಬೇಕು. ಸೆಫ್ವಿಯವರು ಅಕಾನ್ ಅನ್ನೋ ಘಾನಾದ ದೊಡ್ಡ ಜನಾಂಗದ ಬಳಗದವರು, ಅಕಾನರಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿದ ವಾರದ ಹೆಸರಿರುತ್ತೆ, ಶನಿವಾರ ಹುಟ್ಟಿದ ಗಂಡಿಗೆ ಕ್ವಾಮೆ ಅಂತ. ಪರಮಾತ್ಮನನ್ನೂ ಹಳಬರು ಒನ್ಯಾಮೆ ಕ್ವಾಮೆ ಅಂತಲೇ ಕರೀತಿದ್ರು, ಅಂದ್ರೆ ಶನಿವಾರ ದೇವರ ದಿನ ಅನ್ನೋ ಭಾವನೆ ಅಲ್ಲಿನ ಮಣ್ಣಲ್ಲೇ ಇತ್ತು, ಶನಿವಾರವೇ ಆರಾಧನೆ ಮಾಡೋ ಘಾನಾದ ಅಡ್ವೆಂಟಿಸ್ಟ್ ಚರ್ಚಿನವರೂ ಇದನ್ನೇ ಎತ್ತಿ ಹೇಳ್ತಾರೆ. ಹಿಂಗಿರೋ ಕಡೆ ದರ್ಶನ ಬಂದು ಶನಿವಾರ ಕೆಲಸ ಬಿಡಿ ಅಂದ್ರೆ ಅದು ಕಿವಿಗೆ ಹೊಸದಾಗಿ ಕೇಳ್ಸಲ್ಲ. ಆದ್ರೆ ಪಾಲಿಸೋದು ಮಾತ್ರ ಬಹಳ ಕಷ್ಟ, ಯಾಕಂದ್ರೆ ಈಗಿನ ಘಾನಾದಲ್ಲಿ ಸಾವಿನ ದೊಡ್ಡ ಕಾರ್ಯ ನಡೆಯೋದೇ ಶನಿವಾರ. ಬೀದಿಗೆ ಶಾಮಿಯಾನ ಹಾಕಿ, ಬಾಡಿಗೆ ಕುರ್ಚಿ ಜೋಡಿಸಿ, ಕಪ್ಪು ಕೆಂಪು ಬಟ್ಟೆ ಸುತ್ಕೊಂಡು ಊರಿಗೆ ಊರೇ ಬಂದು ಕೂತು, ಸತ್ತವರ ಮನೆಯವರಿಗೆ ದುಡ್ಡು ಕೊಟ್ಟು, ಯಾರು ಬಂದ್ರು ಯಾರು ಬರ್ಲಿಲ್ಲ ಅಂತ ಲೆಕ್ಕ ಇಟ್ಕೊಳ್ಳೋ ಸಂದರ್ಭ ಅದು. ಸ್ವಂತ ಚಿಕ್ಕಪ್ಪನ ಕಾರ್ಯಕ್ಕೆ ಹೋಗದೆ ಸಿನಗಾಗಲ್ಲಿ ಕೂತಿದ್ದ ಒಬ್ಬ ಕೋಕೋ ರೈತರು, ಸಂಬಂಧಿಕರು ಎಷ್ಟು ವರ್ಷ ಮಾತು ಬಿಟ್ಟಿದ್ರು ಅಂತ ನಿಧಾನಕ್ಕೆ ಹೇಳಿದ್ರು. ಇಸ್ರೇಲಿಗೆ ವೀಸಾ ಸಿಗಲಿ ಅಂತ ಇವರು ಹಿಂಗೆ ಮಾಡ್ತಾರೆ ಅಂತ ದೂರದಲ್ಲಿ ಕೂತು ಹೇಳೋರಿಗೆ ಈ ಬೆಲೆ ಗೊತ್ತಿಲ್ಲ. ಒಂದು ದರ್ಶನ ಎಷ್ಟು ಗಟ್ಟಿ ಅಂತ ನೋಡಬೇಕಾದ್ರೆ ಜನ ಅದಕ್ಕೋಸ್ಕರ ಏನು ಬಿಟ್ಟುಕೊಟ್ರು ಅಂತ ಕೇಳಿ, ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ.

ಸಬ್ಬತ್, ಅಂದ್ರೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ಯಹೂದಿಗಳ ವಿಶ್ರಾಂತಿ ದಿನ, ಅಂದ್ಮೇಲೆ ರೆಕಾರ್ಡರ್ ಕೂಡ ಮುಟ್ಟಲ್ಲ ನಾನು. ಶುಕ್ರವಾರ ಸೂರ್ಯ ಮುಳುಗೋದಕ್ಕೆ ಮುಂಚೆ ಎಲ್ಲ ಚೀಲಕ್ಕೆ ಹಾಕಿ, ಶನಿವಾರ ಸುಮ್ನೆ ಹೆಂಗಸರ ಕಡೆ ಕೂತು ಕೇಳ್ತೀನಿ, ಕತ್ತಲಾದ ಮೇಲೆ ನೆನಪಿದ್ದಷ್ಟು ಬರ್ಕೋತೀನಿ. ಸಿನಗಾಗ್ ಒಳಗೆ ಗಂಡಸರು ಒಂದು ಪಕ್ಕ ಹೆಂಗಸರು ಒಂದು ಪಕ್ಕ. ಇಂಗ್ಲಿಷಲ್ಲಿ ಸ್ವಲ್ಪ, ಹೀಬ್ರೂದಲ್ಲಿ ಸ್ವಲ್ಪ ಓದ್ತಾರೆ, ಹಾಡೋವಾಗ ಮಾತ್ರ ದನಿ ಪೂರ್ತಿ ಅಲ್ಲಿಯದೇ, ಒಬ್ಬರು ಎತ್ತಿಕೊಟ್ರೆ ಹಿಂದೆ ಎಲ್ಲರೂ ಎರಡು ಮೂರು ಸ್ವರದಲ್ಲಿ ಒಟ್ಟಿಗೆ ಹಿಡೀತಾರೆ, ತಗಡಿನ ಸೂರಿಗೆ ಬಡಿದು ವಾಪಸ್ ಬರುತ್ತೆ. ರೆಕಾರ್ಡ್ ಮಾಡ್ಲಿಲ್ಲ ಅಂತ ಇವತ್ತಿಗೂ ಬೇಜಾರಿಲ್ಲ, ಆ ದಿನ ಮಿಷನ್ ಹೊರಗೆ ತೆಗೆಯದೇ ಇದ್ದಿದ್ದಕ್ಕೇ ಆಮೇಲೆ ಭಾನುವಾರ ಮನೆ ಬಾಗಿಲುಗಳು ತೆರೆದವು ಅನ್ನೋದು ನನ್ನ ನಂಬಿಕೆ.

ಇನ್ನು ಪುರೋಹಿತ ವಂಶದ ಮಾತು. ಯಹೂದಿಗಳಲ್ಲಿ ಪೌರೋಹಿತ್ಯ ಬೈಬಲ್ಲಿನ ಮೋಶೆಯ ಅಣ್ಣ ಆರೋನನಿಂದ ಗಂಡು ಸಂತತಿಯಲ್ಲೇ ಇಳಿದು ಬರುತ್ತೆ, ಅಪ್ಪ ಕೋಹೆನ್, ಅಂದ್ರೆ ಪುರೋಹಿತ, ಆಗಿದ್ರೆ ಮಗ ಕೋಹೆನ್. ಆದ್ರೆ ಸೆಫ್ವಿಯಲ್ಲಿ ಕುಲ, ಆಸ್ತಿ, ಪಟ್ಟ ಎಲ್ಲ ತಾಯಿ ಕಡೆಯಿಂದ, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಅಲ್ಲಿ ಹಿರಿಯರನ್ನ ಕೂರಿಸಿ ವಂಶಾವಳಿ ಕೇಳಿದ್ರೆ ತಾಯಿ, ತಾಯಿಯ ತಾಯಿ, ಸೋದರಮಾವ ಅಂತ ತಲೆಮಾರುಗಟ್ಟಲೆ ಹಿಂದಕ್ಕೆ ಸಲೀಸಾಗಿ ಹೋಗ್ತಾರೆ, ಅಪ್ಪನ ಕಡೆ ಕೇಳಿದ್ರೆ ಬೇಗ ನಿಂತುಹೋಗುತ್ತೆ. ನೆನಪೇ ತಾಯಿಯ ದಾರೀಲಿ ಹರಿಯೋ ಊರಲ್ಲಿ ಅಪ್ಪನ ದಾರಿಯ ಪುರೋಹಿತ ವಂಶ ಹುಡುಕೋದು ಹೇಗೆ? ಅಲ್ಲೇ ನನಗೆ ದರ್ಶನದ ಕೆಲಸ ಏನು ಅಂತ ಹೊಳೆದಿದ್ದು. ವಂಶಾವಳಿ ಕೊಂಡಿ ಎಲ್ಲಿ ಇಲ್ಲವೋ ಆ ಕೊಂಡಿಯನ್ನ ದರ್ಶನ ಹಾಕುತ್ತೆ, ಯಾರ ಮಗ ಅಂತ ತೋರಿಸೋ ಬದಲು ಯಾರು ಕರೆದ್ರು ಅಂತ ತೋರಿಸುತ್ತೆ. 1993ರಲ್ಲಿ ಮುಂದಿನ ನಾಯಕರು ಬಂದಾಗಲೂ ಅವರನ್ನ ನಿಲ್ಲಿಸಿದ್ದು ಅವರದೇ ದರ್ಶನ.

ಇದಕ್ಕೆ ಪೂರ್ತಿ ಉಲ್ಟಾ ಇರೋರು ಲೆಂಬಾ ಜನ, ದಕ್ಷಿಣ ಆಫ್ರಿಕಾದ ಲಿಂಪೋಪೋ ಕಡೆ ಮತ್ತು ಜಿಂಬಾಬ್ವೆಯಲ್ಲಿ ಇದ್ದಾರೆ, ಹೋಲಿಸಿ ನೋಡಬೇಕು ಅಂತ ಅಲ್ಲಿಗೂ ಹೋಗಿ ಬಂದೆ. ಅವರದು ಅಪ್ಪನ ಕಡೆಯ ಕುಲ. ಸೆನಾ ಅನ್ನೋ ಊರಿಂದ ಸಮುದ್ರ ದಾಟಿ ಬಂದ್ವಿ, ಬೂಬಾ ಅನ್ನೋರು ನಮ್ಮನ್ನ ಕರ್ಕೊಂಡು ಬಂದ್ರು ಅಂತಾರೆ, ಬೂಬಾ ಕುಲದವರೇ ಅವರಲ್ಲಿ ಪುರೋಹಿತರು. ನ್ಗೋಮಾ ಲುಂಗುಂಡು ಅನ್ನೋ ಪವಿತ್ರ ಡೋಲನ್ನ ಅವರು ಮಾತ್ರ ಮುಟ್ಟಬಹುದಿತ್ತು, ಅದನ್ನ ಕಂಬಿಗೆ ಹಾಕಿ ಹೊತ್ಕೊಂಡು ಬರ್ತಿದ್ರು, ನೆಲಕ್ಕೆ ತಾಗಿಸ್ತಿರ್ಲಿಲ್ಲ, ದೇವರ ಆಜ್ಞೆಗಳ ಕಲ್ಲಿನ ಹಲಗೆ ಇಟ್ಟಿದ್ದ ಇಸ್ರೇಲಿಗಳ ಒಡಂಬಡಿಕೆಯ ಪೆಟ್ಟಿಗೆಗೂ ಹೀಗೇ ಇತ್ತು. ಬಹಳ ಕಾಲ ಕಣ್ಮರೆಯಾಗಿದ್ದ ಒಂದು ಡೋಲು 2007ರಲ್ಲಿ ಹರಾರೆಯ ಮ್ಯೂಸಿಯಂ ಉಗ್ರಾಣದಲ್ಲಿ ಸಿಕ್ತು, ಕಾರ್ಬನ್ ಪರೀಕ್ಷೆ ಮಾಡಿದ್ರೆ ಮರ ಸುಮಾರು 1350ರದ್ದು ಅಂತ ಬಂತು. ಮೂಲ ಡೋಲು ಸುಟ್ಟುಹೋದಾಗ ಅದರ ತುಂಡು ಇಟ್ಕೊಂಡೇ ಹೊಸದು ಕಟ್ಟಿದ್ರು ಅನ್ನೋದು ಅವರ ಕಥೆ.

ಅಪ್ಪನ ದಾರಿ ಆದ್ದರಿಂದಲೇ ಇಲ್ಲಿ ಡಿಎನ್‌ಎ ಪರೀಕ್ಷೆ ಮಾತಾಡೋಕೆ ಆಯ್ತು, ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗೋದು ತಾನೇ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಹೂದಿ ಕೋಹೆನ್‌ಗಳಲ್ಲಿ ಹೆಚ್ಚಾಗಿ ಕಾಣೋ ಒಂದು ಗುರುತು ಲೆಂಬಾ ಗಂಡಸರಲ್ಲಿ ಒಟ್ಟಾರೆ ಶೇಕಡಾ 9ರ ಹತ್ರ ಇತ್ತು, ಬೂಬಾ ಕುಲದಲ್ಲಿ ಮಾತ್ರ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಇತ್ತು. ಬಾಯಿಮಾತಿನ ಇತಿಹಾಸಕ್ಕೆ ಬೆಲೆ ಇಲ್ಲ ಅನ್ನೋರಿಗೆ ಇದು ದೊಡ್ಡ ಉತ್ತರ, ಅದಕ್ಕೇ ಪ್ರಪಂಚದ ಪೇಪರ್‌ಗಳಲ್ಲೆಲ್ಲ ಬಂತು. ಆದ್ರೆ ಆಮೇಲೆ 2013ರಲ್ಲಿ ಇನ್ನೂ ಸೂಕ್ಷ್ಮವಾದ ಗುರುತುಗಳನ್ನ ಹಾಕಿ ನೋಡಿದಾಗ, ಗಂಡಸರ ಕಡೆ ಮಧ್ಯಪ್ರಾಚ್ಯದ ಸಂಬಂಧ ಇರೋದು ಹೌದು, ಅದು ಯಹೂದಿಗಳದ್ದೇ ಅಂತ ಹೇಳೋಕೆ ಆಗಲ್ಲ ಅಂತ ಬಂತು, ಹಳೇ ಹಡಗಿನ ವ್ಯಾಪಾರದ ಕಾಲದ ಅರಬ್ಬರೂ ಆಗಿರಬಹುದು. ಲಿಂಪೋಪೋದಲ್ಲಿ ನಾನು ಮಾತಾಡಿಸಿದ ಹಿರಿಯರಿಗೆ ಎರಡೂ ಅಧ್ಯಯನ ಗೊತ್ತಿತ್ತು, ರಿಪೋರ್ಟ್ ಬರೋಕೆ ಮುಂಚೆ ನಾವು ಯಾರು ಅಂತ ನಮಗೆ ಗೊತ್ತಿತ್ತಲ್ಲಮ್ಮ, ರಿಪೋರ್ಟ್ ಬಂದ ಮೇಲೂ ನಾವು ಅವರೇ ಅಂದ್ರು. ನಾನು ಅದನ್ನ ಹಾಗೇ ಬರ್ಕೊಂಡೆ, ಪಕ್ಕದಲ್ಲಿ ಎರಡೂ ಅಧ್ಯಯನದ ವಿಷಯವನ್ನೂ ಬರೆದೆ. ಒಂದನ್ನ ಬಿಟ್ಟು ಇನ್ನೊಂದನ್ನ ಹಾಕೋದು ಸರಿ ಅಲ್ಲ ಅನ್ಸುತ್ತೆ ನನಗೆ.

ದರ್ಶನವನ್ನ ಹಗುರವಾಗಿ ತಗೊಂಡ್ರೆ ಏನಾಗುತ್ತೆ ಅಂತ ತಿಳಿಬೇಕಾದ್ರೆ ಬುಲ್ಹೂಕ್ ಅನ್ನೋ ಜಾಗದಲ್ಲಿ ನಡೆದ ಹತ್ಯಾಕಾಂಡದ ವಿಷಯ ಓದಬೇಕು. ಇದೂ ದಕ್ಷಿಣ ಆಫ್ರಿಕಾ, ಆಗಿನ ಕ್ವೀನ್ಸ್‌ಟೌನ್, ಈಗಿನ ಕೊಮಾನಿ ಹತ್ರ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ್ದ ವಿಲಿಯಂ ಸಾಂಡರ್ಸ್ ಕ್ರೌಡಿಗೆ 1893ರಲ್ಲಿ ಓಕ್ಲಹೋಮಾದಲ್ಲಿ ದರ್ಶನ ಆಗಿ, ಕಪ್ಪು ಜನರೇ ಇಸ್ರೇಲಿನ ಸಂತತಿ ಅಂತ ಒಂದು ಸಭೆ, ಅಂದ್ರೆ ಚರ್ಚ್, ಕಟ್ಟಿದ್ರು, ಅದು ಆಫ್ರಿಕಾಕ್ಕೂ ಬಂತು. ಈನಕ್ ಎಂಗಿಜಿಮಾ ಅನ್ನೋರು 1912ರಲ್ಲಿ ಅದಕ್ಕೆ ಸೇರಿದ್ರು, 1910ರ ಹ್ಯಾಲಿ ಧೂಮಕೇತುವನ್ನ ದೇವರ ಸೂಚನೆ ಅಂತ ಕಂಡವರು ಅವರು, ಕೊನೆಕಾಲದ ಯುದ್ಧದ ದರ್ಶನಗಳನ್ನ ಹೇಳ್ತಿದ್ದಕ್ಕೆ ಆ ಸಭೆಯವರೇ ಅವರನ್ನ ಹೊರಗೆ ಹಾಕಿದ್ರು. ಅವರ ಹಿಂದೆ ಬಂದ ಜನ ದನಕರು ಆಸ್ತಿ ಮಾರಿ ನ್ತಾಬೆಲಂಗಾ ಅನ್ನೋ ಜಾಗದಲ್ಲಿ ಕೂತು ದೇವರ ಬರವಿಗೆ ಕಾದ್ರು. ಸರ್ಕಾರಕ್ಕೆ ಕಂಡಿದ್ದು ಜಮೀನು ಒತ್ತುವರಿ ಒಂದೇ. 1921ರ ಮೇ 24ರಂದು ಮೆಷಿನ್‌ಗನ್ ಸಮೇತ ಪೊಲೀಸರನ್ನ ಕಳಿಸಿದ್ರು, ಬಿಳಿ ಅಂಗಿ ಹಾಕ್ಕೊಂಡು ಕತ್ತಿ ಈಟಿ ಹಿಡಿದು ಎದುರು ಬಂದವರಲ್ಲಿ 160ಕ್ಕೂ ಹೆಚ್ಚು ಜನ ಸತ್ರು. ಆ ಜನ ತಮ್ಮನ್ನ ಯಾರು ಅಂದ್ಕೊಂಡಿದ್ರು ಅಂತ ಕೂತು ಕೇಳೋ ತಾಳ್ಮೆ ಯಾರಿಗಾದ್ರೂ ಇದ್ದಿದ್ರೆ ಅಂತ ನನಗೆ ಇದನ್ನ ನೆನೆಸಿಕೊಂಡಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಮತ್ತೆ ಸೆಫ್ವಿಗೆ ಬರ್ತೀನಿ, ಯಾಕಂದ್ರೆ ಅಲ್ಲಿ ಅತಿ ಮುಖ್ಯವಾದ ಮಾತು ಕೊಟ್ಟಿದ್ದು ಹೆಂಗಸರು, ಅವರನ್ನ ಯಾರೂ ಅಷ್ಟಾಗಿ ಕೇಳೇ ಇರ್ಲಿಲ್ಲ. ಬರೋರೆಲ್ಲ ನಾಯಕರ ಮನೇಲಿ ಕೂತು ಗಂಡಸರ ಹತ್ರ ದರ್ಶನದ ಕಥೆ ಕೇಳ್ಕೊಂಡು ಹೋಗ್ತಾರೆ. ಒಬ್ಬ ಅಜ್ಜಿ ಹಿತ್ತಲಲ್ಲಿ ಪಾಮ್ ಹಣ್ಣು ಬೇಯಿಸಿ ಒರಳಲ್ಲಿ ಕುಟ್ತಾ ಇದ್ರು, ಸೂಪಿಗೆ. ಸೊಸೆ ಪಕ್ಕದಲ್ಲಿ ಕೂತು ನನಗೆ ಇಂಗ್ಲಿಷಲ್ಲಿ ಹೇಳ್ತಿದ್ರು. ಅಜ್ಜಿ ಕೈ ನಿಲ್ಲಿಸದೇನೇ ಹೇಳಿದ್ದು, ಮುಟ್ಟಾದಾಗ ಬೇರೆ ಕೋಣೇಲಿ ಇರೋದು, ಗಂಡನಿಗೆ ಅಡುಗೆ ಮಾಡದೇ ಇರೋದು ನಮ್ಮಮ್ಮ ನಮ್ಮಜ್ಜಿ ಎಲ್ಲ ಮಾಡ್ತಿದ್ರು, ಚರ್ಚಿಗೆ ಸೇರಿದ ಮೇಲೆ ಅದನ್ನ ನಾಚಿಕೆ ಅಂತ ಬಿಡಿಸಿದ್ರು, ಆಮೇಲೆ ಈ ಸಿನಗಾಗಿನವರು ಬಂದು ಧರ್ಮದ ಪುಸ್ತಕದಲ್ಲೇ ಇದೆ ಅಂತ ಓದಿ ತೋರಿಸಿದಾಗ ನನಗೆ ಅಜ್ಜಿ ಮಾಡ್ತಿದ್ದದ್ದು ತಪ್ಪಲ್ಲ ಅಂತ ಸಮಾಧಾನ ಆಯ್ತು, ನಾನು ಅವತ್ತೇ ನಂಬಿದೆ ಅಂದ್ರು. ಹೊರಗೆ ಕೂರೋದು ಅಂದ್ರೆ ಏನು ಅಂತ ನನಗೆ ಮನೆಯಿಂದಲೇ ಗೊತ್ತು, ನನಗೆ ಆ ಪದ್ಧತಿ ಬಗ್ಗೆ ಸಿಟ್ಟೂ ಇದೆ, ಅದನ್ನ ಅಜ್ಜಿ ಕೇಳಿದಾಗ ಹೇಳಿದೆ ಕೂಡ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಆದ್ರೆ ದರ್ಶನ ಅನ್ನೋದು ಒಬ್ಬರಿಗೆ ಕಂಡು ನೂರಾರು ಜನ ನಂಬೋದು ಹೇಗೆ ಅನ್ನೋದಕ್ಕೆ ಆ ಮಾತಿಗಿಂತ ಸ್ಪಷ್ಟವಾದ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಅವರೂ ನನ್ನ ಕೇಳ್ತಾರೆ, ನಿಮ್ಮ ದೇಶದಲ್ಲಿ ಹಿಂಗಿರೋರು ಇದ್ದಾರಾ ಅಂತ. ಮಿಜೋರಾಂನಲ್ಲಿ 1951ರಲ್ಲಿ ಒಬ್ಬರಿಗೆ ಬಂದ ಕನಸಿನಿಂದ ಶುರುವಾಗಿ ಇವತ್ತು ಬ್ನೇ ಮೆನಾಶೆ ಅಂತ ಕರೆಸಿಕೊಳ್ಳೋರ ವಿಷಯ ಹೇಳ್ತೀನಿ, 2005ರಲ್ಲಿ ಇಸ್ರೇಲಿನ ಸೆಫಾರ್ಡಿ ಪಂಗಡದ ಮುಖ್ಯ ರಬ್ಬಿ, ಅಂದ್ರೆ ಧರ್ಮಗುರು, ಅವರನ್ನ ಒಪ್ಪಿಕೊಂಡಿದ್ದು, ಸಾವಿರಗಟ್ಟಲೆ ಜನ ಅಲ್ಲಿಗೆ ಹೋಗಿ ನೆಲೆಸಿದ್ದು ಎಲ್ಲ. ಆಗ ಮಾತಿನ ದಿಕ್ಕೇ ಬದಲಾಗುತ್ತೆ, ನಾನು ಕೇಳೋದು ನಿಂತು ಅವರು ನನ್ನ ಕೇಳೋಕೆ ಶುರು ಮಾಡ್ತಾರೆ, ಆ ಕನಸಲ್ಲಿ ಏನು ಕಂಡಿತ್ತಂತೆ, ಅವರ ಊರವರು ಮೊದಲು ನಂಬಿದ್ರಾ, ಚರ್ಚಿನವರು ಏನಂದ್ರು ಅಂತ. 1976ರ ದರ್ಶನದ ಕಥೆ ಆ ಐದು ನಿಮಿಷದ ಪಾಠ ಬಿಟ್ಟು, ಅಳುಕು, ಜಗಳ, ಮನೆಯವರ ವಿರೋಧ ಎಲ್ಲ ಸೇರಿ ಪೂರ್ತಿಯಾಗಿ ನನಗೆ ಸಿಕ್ಕಿದ್ದು ಈ ಥರ ಸಂಜೆಗಳಲ್ಲೇ.

ರೆಕಾರ್ಡಿಂಗ್ ಮುಗಿದ ಮೇಲೆ ಎಲ್ಲವನ್ನೂ ಹೇಳಿದವರಿಗೇ ವಾಪಸ್ ಕೇಳಿಸ್ತೀನಿ, ತೆಗೀರಿ ಅಂದಿದ್ದನ್ನ ತೆಗೀತೀನಿ, ಒಂದು ಪೆನ್‌ಡ್ರೈವ್ ಸಮುದಾಯದವರ ಹತ್ರ ಇರುತ್ತೆ. ಅಜ್ಜಿಯದ್ದನ್ನ ಕೇಳಿಸಿದಾಗ ಅವರು ಒಂದನ್ನೂ ತೆಗೆಸಲಿಲ್ಲ, ತಮ್ಮ ತಾಯಿಯ ಹೆಸರನ್ನ ಇನ್ನೊಂದು ಸಲ ಸರಿಯಾಗಿ ಹೇಳ್ತೀನಿ ಅಂತ ಹೇಳಿಸಿಕೊಂಡ್ರು.