ಮೂತ್ರಕ್ಕೆ ತಡೆಯೇ? ಆಪರೇಷನ್‌ನಲ್ಲಿ ನಡೆಯುವುದು ಇಷ್ಟು

ರಾತ್ರಿ ನಾಲ್ಕು ಸಲ ಏಳಬೇಕು. ಹೋಗಿ ನಿಂತರೆ ಬೇಗ ಬರುವುದಿಲ್ಲ, ಬಂದರೂ ಸಣ್ಣ ಧಾರೆ. ವಯಸ್ಸಾದ ಗಂಡಸರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಪ್ರಾಸ್ಟೇಟ್ ಗ್ರಂಥಿ. ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಇದು ದಪ್ಪಗಾದರೆ ನಾಳವನ್ನು ಹಿಸುಕುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ.

ಮೊದಲು, ಆಪರೇಷನ್ ಬೇಕೇ ಅಂತ ನೋಡಿ. ಎಷ್ಟೋ ಜನರಿಗೆ ಮಾತ್ರೆಯೇ ಸಾಕು. ಆದರೆ ಮೂತ್ರ ಕಟ್ಟಿ ಮತ್ತೆ ಮತ್ತೆ ಪೈಪ್ ಹಾಕಿಸಬೇಕಾದರೆ, ಮೂತ್ರಕೋಶದಲ್ಲಿ ಕಲ್ಲಾದರೆ, ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ಸುಮ್ನೆ ದಿನ ದೂಡಬೇಡಿ.

ಆಮೇಲೆ ಅಳತೆ. ಯಂತ್ರಕ್ಕೆ ಜೋಡಿಸಿದ ಪಾತ್ರೆಯಲ್ಲಿ ಮೂತ್ರ ಮಾಡಿಸುತ್ತಾರೆ. ಎಷ್ಟೇ ಜೋರಾಗಿ ಬಂದರೂ ಸೆಕೆಂಡಿಗೆ 10 ಮಿಲಿಲೀಟರ್ ದಾಟದಿದ್ದರೆ ತಡೆ ಇರುವ ಸಾಧ್ಯತೆ ಜಾಸ್ತಿ. ಸ್ಕ್ಯಾನ್‌ನಲ್ಲಿ ಗ್ರಂಥಿಯ ಗಾತ್ರ ಗೊತ್ತಾಗುತ್ತದೆ. ಯಾವ ಆಪರೇಷನ್ ಅನ್ನುವುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ.

ಹಳೆಯದು, ನಂಬಿಕೆಯದು ಟಿಯುಆರ್‌ಪಿ. ಹೊಟ್ಟೆ ಕೊಯ್ಯುವುದಿಲ್ಲ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಮೂತ್ರದ ದಾರಿಯಲ್ಲೇ ದುರ್ಬೀನು ತೂರಿಸಿ, ಕರೆಂಟ್ ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯ ಒಳಭಾಗವನ್ನು ಚೂರು ಚೂರಾಗಿ ಹೆರೆಯುತ್ತಾರೆ. ಗ್ರಂಥಿ 80 ಗ್ರಾಂ ದಾಟಿದ್ದರೆ ಹೋಲೆಪ್ ಎಂಬ ಲೇಸರ್ ವಿಧಾನ ಅನುಕೂಲ. ಕಿತ್ತಳೆಯ ಸಿಪ್ಪೆ ಹಾಗೇ ಬಿಟ್ಟು ತೊಳೆ ಬಿಡಿಸಿದಂತೆ ಅದು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಆಪರೇಷನ್ ಮುಗಿದಾಗ ಪೈಪ್ ಇರುತ್ತದೆ, ಚೀಲದಲ್ಲಿ ಕೆಂಪು ನೀರು. ಗಾಬರಿ ಬೇಡ. ಒಳಗೆ ತೊಳೆಯುತ್ತಾ ಹೋದಂತೆ ಅದು ಗುಲಾಬಿಯಾಗಿ, ತಿಳಿಯಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಪೈಪ್ ತೆಗೆಯುತ್ತಾರೆ.

ನಾಚಿಕೆಯಿಂದ ಯಾರೂ ಕೇಳದ ಸಂಗತಿ ಒಂದಿದೆ. ಈ ಎರಡೂ ಆಪರೇಷನ್ ಆದ ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ. ಅಪಾಯವಿಲ್ಲ, ಆದರೆ ಮೊದಲೇ ಗೊತ್ತಿರಬೇಕು ಅಲ್ವಾ? ಇದು ಬೇಡ ಅನ್ನುವವರಿಗೆ ಗ್ರಂಥಿಯನ್ನು ಕ್ಲಿಪ್‌ನಿಂದ ಬದಿಗೆ ಎಳೆದು ಕಟ್ಟುವ, ಇಲ್ಲವೇ ಬಿಸಿ ಹಬೆಯಿಂದ ಕುಗ್ಗಿಸುವ ದಾರಿಗಳಿವೆ. ಗ್ರಂಥಿ ತೀರಾ ದೊಡ್ಡದಾಗಿರಬಾರದು. ಧಾರೆಯೂ ಅಷ್ಟು ಬಲವಾಗುವುದಿಲ್ಲ.

ಮನೆಗೆ ಬಂದ ಮೇಲೆ ನಾಲ್ಕಾರು ವಾರ ಭಾರ ಎತ್ತಬೇಡಿ, ಮಲವಿಸರ್ಜನೆಗೆ ತಿಣುಕಬೇಡಿ. ಹತ್ತು ಹದಿನೈದು ದಿನಕ್ಕೆ ಒಳಗಿನ ಹೆಕ್ಕಳೆ ಉದುರಿ ಮತ್ತೆ ಸ್ವಲ್ಪ ರಕ್ತ ಕಾಣಬಹುದು. ನೀರು ಕುಡಿದು ಸುಧಾರಿಸಿಕೊಂಡರೆ ಸಾಮಾನ್ಯವಾಗಿ ನಿಲ್ಲುತ್ತದೆ. ರಕ್ತದ ಗಡ್ಡೆ ಬಂದು ಮೂತ್ರ ಕಟ್ಟಿದರೆ ಮಾತ್ರ ತಕ್ಷಣ ಆಸ್ಪತ್ರೆಗೆ ಹೋಗಿ. ಗ್ರಂಥಿಯ ಹೊರಭಾಗ ಒಳಗೇ ಉಳಿದಿರುವುದರಿಂದ, ಮುಂದೆ ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆ ಬೇಕೇ ಅಂತ ವೈದ್ಯರನ್ನು ಕೇಳಿಟ್ಟುಕೊಳ್ಳಿ.