ಚೌಕ ರಂಧ್ರದ ನಾಣ್ಯವನ್ನು ಓದಲು ಕಲಿತದ್ದು

ಮೈಸೂರಿನ ಆನೆ ಕಾಸುಗಳನ್ನು ಕೂಡಿಸುತ್ತಿದ್ದ ನನ್ನ ಕೈಗೆ ಒಮ್ಮೆ ಹನ್ನೆರಡು ಚೀನೀ ನಾಣ್ಯಗಳು ಬಂದವು. ಎಲ್ಲದರ ನಡುವೆ ಚೌಕ ರಂಧ್ರ, ಮೈತುಂಬ ಕಿಲುಬು. ಲಿಪಿ ನನಗೆ ಬಾರದು. ಹುಣಸೆಹಣ್ಣು ಹಾಕಿ ತಿಕ್ಕುವ ಆಸೆಯನ್ನು ತಡೆದುಕೊಂಡೆ. ತಿಕ್ಕಿದರೆ ಕಿಲುಬಿನ ಜೊತೆಗೆ ಶತಮಾನಗಳ ಮೇಲ್ಪದರವೂ ಹೋಗಿಬಿಡುತ್ತದೆ. ಶುದ್ಧ ನೀರಿನಲ್ಲಿ ನೆನೆಸಿ, ಬಿದಿರು ಕಡ್ಡಿಯಿಂದ ಮಣ್ಣನ್ನಷ್ಟೇ ಬಿಡಿಸಿದೆ. ತೆಳು ಕಾಗದ ಹೊದಿಸಿ ಪೆನ್ಸಿಲ್ ಆಡಿಸಿದಾಗ ಅಕ್ಷರಗಳು ಎದ್ದು ಬಂದವು.

ಮೊದಲನೆಯದು ಬೇಗ ಪತ್ತೆಯಾಯಿತು: ಚೀನಾದ ತಾಂಗ್ ರಾಜವಂಶ 621ರಲ್ಲಿ ಆರಂಭಿಸಿದ 'ಕೈಯುವಾನ್ ತೊಂಗ್‌ಬಾವ್' ಎಂಬ ನಾಣ್ಯ. ಅಕ್ಷರ ಬರೆದವನು ಓಯಾಂಗ್ ಶುನ್ ಎಂಬ ಲಿಪಿಕಾರ. ರಂಧ್ರದ ಸುತ್ತಲಿನ ನಾಲ್ಕು ಅಕ್ಷರಗಳನ್ನು ಮೇಲೆ, ಕೆಳಗೆ, ಬಲ, ಎಡ ಎಂಬ ಕ್ರಮದಲ್ಲಿ ಓದಬೇಕು. ಎರಡನೆಯದನ್ನೂ ಹಾಗೆಯೇ ಓದಿ ಮೂರು ವಾರ ಕಳೆದೆ. ಯಾವ ಪಟ್ಟಿಯಲ್ಲೂ ಅಂಥ ಹೆಸರಿಲ್ಲ. ಗಡಿಯಾರದ ಮುಳ್ಳಿನಂತೆ ಸುತ್ತಿ ಓದಿದ ಮೇಲೆ ಯುವಾನ್‌ಫೆಂಗ್ ತೊಂಗ್‌ಬಾವ್ ಎಂದಾಯಿತು. ಸೋಂಗ್ ವಂಶದ್ದು, 1078ರಿಂದ 1085ರ ನಡುವಿನದು. ಸೋಂಗ್ ಕಾಲದಲ್ಲಿ ಎರಡೂ ಕ್ರಮಗಳಿದ್ದವು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅಂಚು. ನಮ್ಮ ಆನೆ ಕಾಸು ಟಂಕಿಸಿದ್ದು, ಅಂದರೆ ಅಚ್ಚಿಟ್ಟು ಹೊಡೆದದ್ದು. ಅಚ್ಚು ಪಕ್ಕಕ್ಕೆ ಸರಿದರೆ ಆನೆಯ ಸೊಂಡಿಲೇ ಹೊರಗುಳಿಯುತ್ತದೆ. ಚೀನಾದ್ದು ಎರಕದ್ದು. ಕರಗಿದ ಲೋಹ ಕಾಲುವೆಗಳಲ್ಲಿ ಹರಿದು, ನಾಣ್ಯಗಳು ಕೊಂಬೆಯ ಎಲೆಗಳಂತೆ ಅಂಟಿಕೊಂಡು ಹೊರಬರುತ್ತಿದ್ದವು. ಅವನ್ನು ಮುರಿದು, ಚೌಕ ಸರಳಿಗೆ ಪೋಣಿಸಿ, ಅಂಚಿಗೆಲ್ಲ ಒಟ್ಟಿಗೆ ಅರ ಹಾಕುತ್ತಿದ್ದರು. ರಂಧ್ರ ದುಂಡಗಿದ್ದರೆ ನಾಣ್ಯ ಸರಳಿನ ಮೇಲೆ ತಿರುಗಿಬಿಡುತ್ತಿತ್ತು! ಬಳಿಕ ಅದೇ ರಂಧ್ರಕ್ಕೆ ದಾರ ಪೋಣಿಸಿ ಸರ ಕಟ್ಟುತ್ತಿದ್ದರು. (ಈ ನಾಣ್ಯವನ್ನು ಇಂಗ್ಲಿಷರು 'ಕ್ಯಾಶ್' ಎನ್ನುತ್ತಾರೆ, ಆ ಹೆಸರು ಪೋರ್ಚುಗೀಸರ ಬಾಯಿಂದ ಹೋದ ತಮಿಳಿನ 'ಕಾಸು'. ನನಗೆ ಇದು ಬಹಳ ಸಂತೋಷ ಕೊಟ್ಟ ಸಂಗತಿ.)

ಅಂಚು ನೋಡುವ ಅಭ್ಯಾಸವಾಗುವ ಮೊದಲೇ ಒಂದು ದೊಡ್ಡ ದಾಗುವಾನ್ ತೊಂಗ್‌ಬಾವ್ ಕೊಂಡಿದ್ದೆ. ಸೋಂಗ್ ವಂಶದ ಹುಯ್‌ಜೊಂಗ್ ಚಕ್ರವರ್ತಿಯ ಕೈಬರಹ, ತೆಳ್ಳಗಿನ ಚೂಪು ಗೀಟುಗಳು. ಅಷ್ಟು ಚೆಲುವಾದ ನಾಣ್ಯವನ್ನು ನಾನು ಕಂಡಿರಲಿಲ್ಲ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ಸುತ್ತ ಎರಕದ ಬೆಸುಗೆ ಗೆರೆ ಹಾಗೆಯೇ ಇತ್ತು. ಅರ ಮುಟ್ಟಿದ ಗುರುತಿಲ್ಲ, ಗೀಟುಗಳ ತುದಿಯೂ ಮೊಂಡು. ನಕಲಿ. ಅದನ್ನು ಮಾರದೆ, ಹೋಲಿಕೆಗೆಂದು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಯುವಾನ್‌ಫೆಂಗ್ ನಾಣ್ಯ ಮುದ್ರಾಲಿಪಿಯಲ್ಲೂ (ಮೊಹರುಗಳಲ್ಲಿ ಬಳಸುವ ಹಳೆಯ ಲಿಪಿ) ಓಡುಬರಹದಲ್ಲೂ (ಬೇಗ ಬರೆಯುವ ಕೂಡಕ್ಷರದಂಥದು) ಜೋಡಿಯಾಗಿ ಬಂದಿತ್ತು. ಆ ಹನ್ನೆರಡರಲ್ಲಿ ಓಡುಬರಹದ್ದು ಇತ್ತು. ಮುದ್ರಾಲಿಪಿಯದು ಸಿಗಲು ಎರಡು ವರ್ಷ ಬೇಕಾಯಿತು. ಎರಡರ ಪೆನ್ಸಿಲ್ ಅಚ್ಚನ್ನೂ ಪುಸ್ತಕದ ಒಂದೇ ಪುಟದಲ್ಲಿ ಅಂಟಿಸಿದ್ದೇನೆ.